258 ಎಂಬ ಸಂಖ್ಯೆ ಮತ್ತು ನಮ್ಮ ಕುಟುಂಬದ ಗುಂಪು

ಚಿಕ್ಕಪ್ಪ ಬೆಳಗಾಗುವ ಮೊದಲೇ ಗುಂಪಿಗೆ ಹಾಕಿದ್ದ ಸಂದೇಶಕ್ಕೆ ‘ಗರ್ಭಿಣಿಯರೇ ಎಚ್ಚರ’ ಎಂಬ ತಲೆಬರಹವಿತ್ತು. ಕೊಲೆಸ್ಟ್ರಾಲ್ 200 ದಾಟಿದ ಗರ್ಭಿಣಿಗೆ ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸುರಿನಲ್ಲಿ ಬಿಪಿ ಏರಿ ಅಂಗಗಳನ್ನು ಕೆಡಿಸುವ ಕಾಯಿಲೆ, ಬಂದೇ ಬರುತ್ತದೆ, ಆದ್ದರಿಂದ ಜಿಡ್ಡನ್ನು ಸಂಪೂರ್ಣ ತ್ಯಜಿಸಿ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯನ್ನು ಕೂಡಲೇ ಆರಂಭಿಸಬೇಕು ಎಂಬುದು ಅದರ ಸಾರ. ಚಿಕ್ಕಪ್ಪನ ಮಗಳಿಗೆ 31 ವಾರ ತುಂಬಿದೆ, ಅವಳ ಒಟ್ಟು ಕೊಲೆಸ್ಟ್ರಾಲ್ 258 ಬಂದಿದೆ ಎಂಬ ಸುದ್ದಿ ಹೇಗೋ ಎಲ್ಲರಿಗೂ ತಲುಪಿದ್ದುದರಿಂದ, ಆ ಸಂದೇಶ ಯಾರನ್ನು ಕುರಿತದ್ದು ಎಂದು ಯಾರೂ ಕೇಳಲಿಲ್ಲ.

ಅಕ್ಕ ಮಾತ್ರ ಆಧಾರ ಕೇಳಿದಳು. ಜೀವರಸಾಯನಶಾಸ್ತ್ರ ಪಾಠ ಮಾಡುವ ಅವಳು ನಮ್ಮ ಗುಂಪಿನಲ್ಲಿ ಆಧಾರ ಕೇಳದ ದಿನವೇ ಇಲ್ಲ. “ಯಾವ ಅಧ್ಯಯನ, ಎಷ್ಟು ಮಂದಿ ಗರ್ಭಿಣಿಯರು, ಎಷ್ಟನೆಯ ವಾರದಲ್ಲಿ ರಕ್ತ ತೆಗೆದರು, ಇಷ್ಟು ತಿಳಿಸಿ ಚಿಕ್ಕಪ್ಪ” ಎಂದಿದ್ದಕ್ಕೆ, ಇದನ್ನು ಕಳುಹಿಸಿದವರು ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಸುಳ್ಳು ಹೇಳುವ ಮನುಷ್ಯರಲ್ಲ ಎಂಬ ಉತ್ತರ ಬಂತು. ಅಷ್ಟರಲ್ಲಿ ದೊಡ್ಡಪ್ಪ ತಮ್ಮ ಎಂದಿನ ಧಾಟಿಯಲ್ಲಿ ಬರೆದರು: “ಆಧಾರವನ್ನು ಹುಡುಕುವುದಕ್ಕಿಂತ ಆಚಾರವನ್ನು ತಿದ್ದಿಕೊಳ್ಳುವುದು ಲೇಸು. ಇಂದಿನ ಹೆಣ್ಣುಮಕ್ಕಳಿಗೆ ನಾಲಗೆಯ ಮೇಲೆ ಹಿಡಿತವಿಲ್ಲ.”

ಅಕ್ಕನ ಉತ್ತರ ಉದ್ದವಾಗಿತ್ತು. ಉದ್ದವಾಗಿದ್ದುದರಿಂದಲೇ ಯಾರೂ ಓದಲಿಲ್ಲ ಎಂದು ನನ್ನ ಅಂದಾಜು. ಅವಳು ಬರೆದದ್ದು ಹೀಗೆ: “ದೊಡ್ಡಪ್ಪ, ಇಲ್ಲಿ ನಾಲಗೆಯ ಪಾಲು ಬಹಳ ಕಡಿಮೆ. ಬಸುರಿನಲ್ಲಿ ಈಸ್ಟ್ರೋಜೆನ್ ಹಾರ್ಮೋನ್ ಏರಿದಂತೆ ಯಕೃತ್ತು ಕೊಬ್ಬು ಹೊತ್ತ ವಿಎಲ್‌ಡಿಎಲ್ ಕಣಗಳನ್ನು ಹೆಚ್ಚು ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್‌ನ ಮಾತನ್ನು ಮೈ ಮೊದಲಿನಂತೆ ಕೇಳದೆ ಇರುವುದರಿಂದ, ಮೊದಲ ತಿಂಗಳುಗಳಲ್ಲಿ ಕೂಡಿಟ್ಟ ಕೊಬ್ಬೂ ಕೊನೆಯ ತಿಂಗಳುಗಳಲ್ಲಿ ಕರಗಿ ಹೊರಬರುತ್ತದೆ. ಹೀಗಾಗಿ ಯಾವ ತೊಂದರೆಯೂ ಇಲ್ಲದ ಗರ್ಭಿಣಿಯಲ್ಲೇ ಕೊನೆಯ ಮೂರು ತಿಂಗಳ ಹೊತ್ತಿಗೆ ಒಟ್ಟು ಕೊಲೆಸ್ಟ್ರಾಲ್ ಸುಮಾರು ಶೇಕಡಾ 25ರಿಂದ 50ರಷ್ಟು, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಎರಡರಿಂದ ನಾಲ್ಕು ಪಟ್ಟು ಏರುತ್ತದೆ. 200 ಎಂಬ ಗೆರೆಯನ್ನು ಎಳೆದದ್ದು ಬಸುರಿಯರಲ್ಲದವರಿಗಾಗಿ. 31ನೆಯ ವಾರದಲ್ಲಿ 258 ಎಂಬುದು ಹೆದರುವ ಸಂಖ್ಯೆಯಲ್ಲ. ಈ ಏರಿಕೆ ಪ್ರಯೋಜನವಿಲ್ಲದ್ದೂ ಅಲ್ಲ. ಬಸುರನ್ನು ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಮಾಸು ತಯಾರಿಸುವುದು ಬಹುಮಟ್ಟಿಗೆ ತಾಯಿಯ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಕಣವಾದ ಎಲ್‌ಡಿಎಲ್‌ನಿಂದ ಪಡೆದ ಕೊಲೆಸ್ಟ್ರಾಲಿನಿಂದ. ಮಗುವಿನ ಒಂದೊಂದು ಜೀವಕೋಶದ ಪೊರೆಗೂ ಕೊಲೆಸ್ಟ್ರಾಲ್ ಬೇಕು. ಮಗು ಅದನ್ನು ತಾನೂ ತಯಾರಿಸುತ್ತದೆ, ಒಂದು ಪಾಲನ್ನು ಮಾಸಿನ ಮೂಲಕ ತಾಯಿಯಿಂದಲೂ ಪಡೆಯುತ್ತದೆ. ಅದನ್ನು ತಯಾರಿಸುವ ಕೊನೆಯ ಹಂತದ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಸ್ಮಿತ್–ಲೆಮ್ಲಿ–ಒಪಿಟ್ಜ್ ಕಾಯಿಲೆಯಲ್ಲಿ ಮಗುವಿನ ಅಂಗಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ ಎಂಬುದೇ ಅದರ ಅಗತ್ಯಕ್ಕೆ ಸಾಕ್ಷಿ.”

ಇದರ ಕೆಳಗೆ ಬಂದ ಮೊದಲ ಪ್ರತಿಕ್ರಿಯೆ ಆ ಬಸುರಿ ತಂಗಿಯದು. ಅವಳಿಗೆ ಯಕೃತ್ತಿನ ಚಿಂತೆ ಇರಲಿಲ್ಲ. “ಅಪ್ಪಾ, ನನ್ನ ವರದಿಯ ಸಂಖ್ಯೆ ಇವರೆಲ್ಲರಿಗೆ ಗೊತ್ತಾದದ್ದು ಹೇಗೆ?” ಚಿಕ್ಕಪ್ಪ ತಾವು ಹೇಳಿಲ್ಲ ಎಂದರು, ಚಿಕ್ಕಮ್ಮ ತಾವು ಅತ್ತೆಗೆ ಮಾತ್ರ ಹೇಳಿದ್ದಾಗಿ ಒಪ್ಪಿದರು, ಅತ್ತೆ, ತಮಗೆ ತಿಳಿಯುವ ಮೊದಲೇ ದೊಡ್ಡಪ್ಪನಿಗೆ ತಿಳಿದಿತ್ತೆಂದು ತೋರಿಸಲು ಹಳೆಯ ಸಂದೇಶವೊಂದರ ಚಿತ್ರ ಹಾಕಿದರು. ಮಧ್ಯಾಹ್ನದವರೆಗೆ ಇದೇ ವಿಚಾರಣೆ ನಡೆಯಿತು.

ಅದನ್ನು ನಿಲ್ಲಿಸಿದವನು ದೊಡ್ಡಪ್ಪನ ಮಗ. ಎಂಥ ಜಗಳವನ್ನೂ ಅಜ್ಜಿಯ ಕಾಲಕ್ಕೆ ಒಯ್ಯುವುದು ಅವನ ಅಭ್ಯಾಸ. ಅಜ್ಜಿಯ ಹಳೆಯ ಕಪ್ಪುಬಿಳುಪು ಚಿತ್ರವೊಂದನ್ನು ಹಾಕಿ, ಲಿಪಿಡ್ ಪರೀಕ್ಷೆ ಎಂಬ ಹೆಸರನ್ನೇ ಕೇಳದೆ ಈ ತಾಯಿ ಒಂಬತ್ತು ಮಕ್ಕಳನ್ನು ಹೆತ್ತಳು ಎಂದು ಬರೆದ. ಚಿತ್ರಕ್ಕೆ ಕೈಮುಗಿದವರೇ ಹೆಚ್ಚು. ಆದರೆ ಅತ್ತೆ ಬಿಡಲಿಲ್ಲ: “ಹತ್ತು ಹೆತ್ತಿದ್ದಳಪ್ಪಾ. ಮೂರನೆಯ ಬಸುರಿನಲ್ಲಿ ಮೈ ಊದಿ, ಸೆಳವು ಬಂದು, ಮಗು ಉಳಿಯಲಿಲ್ಲ. ನಿನ್ನ ಲೆಕ್ಕದಲ್ಲಿ ಅದು ಸೇರಿಲ್ಲ.” ಪ್ರಿಎಕ್ಲಾಂಪ್ಸಿಯಾ ಕೈಮೀರಿ ಎಕ್ಲಾಂಪ್ಸಿಯಾ ಆದಾಗ ಸೆಳವು ಬರುವುದು ಹೀಗೆಯೇ ಎಂದು ಅಕ್ಕ ಒಂದು ಸಾಲು ಸೇರಿಸಿದಳು.

ಆಗ ಚಿಕ್ಕಪ್ಪ, ತಮ್ಮ ಸಂದೇಶದಲ್ಲಿ ಸತ್ಯವೇ ಇಲ್ಲವೇ ಎಂದು ಸ್ವಲ್ಪ ನೊಂದ ದನಿಯಲ್ಲಿ ಕೇಳಿದರು. ಇಡೀ ದಿನದಲ್ಲಿ ವಿಷಯದ ಬಗ್ಗೆ ಬಂದ ಒಂದೇ ಪ್ರಶ್ನೆ ಅದು. ಅಕ್ಕ ಹೇಳಿದಳು: “ಇದೆ ಚಿಕ್ಕಪ್ಪ, ಆದರೆ ತಲೆಕೆಳಗಾಗಿದೆ. ಪ್ರಿಎಕ್ಲಾಂಪ್ಸಿಯಾ ಬಂದವರಲ್ಲಿ ಟ್ರೈಗ್ಲಿಸರೈಡ್ ಸಹಜ ಬಸುರಿಗಿಂತಲೂ ಹೆಚ್ಚಿರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಡಿಮೆ ಇರುತ್ತದೆ ಎಂದು ಹಲವು ಅಧ್ಯಯನಗಳು ಕಂಡಿವೆ. ಎಲ್‌ಡಿಎಲ್‌ನಲ್ಲೂ ಚಿಕ್ಕದಾದ, ಬೇಗ ಉತ್ಕರ್ಷಣೆಗೊಳ್ಳುವ, ಅಂದರೆ ಆಮ್ಲಜನಕದಿಂದ ಕೆಡುವ ಕಣಗಳ ಪಾಲು ಏರುತ್ತದೆ. ಕೆಲವರಲ್ಲಿ ಗರ್ಭಕೋಶದ ಸುರುಳಿ ರಕ್ತನಾಳಗಳ ಗೋಡೆಯಲ್ಲಿ ಕೊಬ್ಬು ತುಂಬಿದ ನೊರೆಕೋಶಗಳು ಕೂಡುತ್ತವೆ. ಇದನ್ನು 1950ರಲ್ಲಿ ಜೀಕ್ ಮತ್ತು ಅಸ್ಸಾಲಿ ಎಂಬ ಸಂಶೋಧಕರು ಅಥೆರೋಸಿಸ್ ಎಂದು ಕರೆದರು. ಹೃದಯದ ರಕ್ತನಾಳ ಕಟ್ಟಿಕೊಳ್ಳುವಾಗ ಮೊದಲು ಕಾಣುವ ಬದಲಾವಣೆಯನ್ನು ಅದು ಹೋಲುತ್ತದೆ. ಆದರೆ ಕೊಲೆಸ್ಟ್ರಾಲ್ ಏರಿತು, ಆದ್ದರಿಂದ ಈ ಕಾಯಿಲೆ ಬಂತು ಎನ್ನುವಂತಿಲ್ಲ. ಬಸುರಿನ ಆರಂಭದಲ್ಲೇ ಆ ಸುರುಳಿ ನಾಳಗಳು ಅಗಲವಾಗಬೇಕಿದ್ದಷ್ಟು ಅಗಲವಾಗದೆ ಮಾಸಿಗೆ ರಕ್ತ ಸಾಲದಾಗುತ್ತದೆ. ಅಂಥ ಮಾಸು ಎಸ್‌ಎಫ್‌ಎಲ್‌ಟಿ–1 ಎಂಬ ಪ್ರೊಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಬಿಟ್ಟು, ಅವಳ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ. ಈ ಕೊಂಡಿ ಸ್ಪಷ್ಟವಾದದ್ದು 2003ರಲ್ಲಿ. ಕೊಬ್ಬಿನ ಏರುಪೇರು ಈ ಕೇಡಿಗೆ ಇಂಬು ಕೊಡಬಹುದು, ಅದರಿಂದಲೇ ಹುಟ್ಟಲೂಬಹುದು. ತೂಕ ಹೆಚ್ಚಿರುವುದು, ಮಧುಮೇಹ ಮುಂತಾದವು ಎರಡನ್ನೂ ಒಟ್ಟಿಗೆ ತರಲೂಬಹುದು.”

ದೊಡ್ಡಪ್ಪ ಇದರಲ್ಲಿ ‘ಇದೆ ಚಿಕ್ಕಪ್ಪ’ ಎಂಬಷ್ಟನ್ನೇ ಆಯ್ದುಕೊಂಡು, “ಕಡೆಗೂ ಒಪ್ಪಿದೆಯಲ್ಲ ಮಗಳೇ” ಎಂದರು. ತಾವು ಹತ್ತು ವರ್ಷಗಳಿಂದ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿರುವುದಾಗಿಯೂ, ಹುಡುಗಿಗೂ ಅದನ್ನೇ ಕೊಡಿಸಿದರೆ ಕೆಡುಕೇನೂ ಆಗದೆಂದೂ ಸೇರಿಸಿದರು. ನನ್ನ ಮಟ್ಟಿಗೆ ಆ ದಿನದ ನಿಜವಾದ ಅಪಾಯವಿದ್ದದ್ದು ಈ ಸಾಲಿನಲ್ಲಿ, ಏಕೆಂದರೆ ಉಳಿದ ಮಾತು ಗಾಳಿಗೆ ಹೋಗುತ್ತದೆ, ಮಾತ್ರೆ ಹೊಟ್ಟೆಗೆ ಹೋಗುತ್ತದೆ. ಅಕ್ಕ ಮೊದಲ ಬಾರಿಗೆ ಗಡುಸಾದಳು. ಸ್ಟ್ಯಾಟಿನ್‌ಗಳಲ್ಲಿ ಒಂದಾದ ಪ್ರಾವಸ್ಟ್ಯಾಟಿನ್ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಆಸೆ ಹುಟ್ಟಿಸಿತ್ತು. ಆದರೆ ಅಪಾಯ ಹೆಚ್ಚಿದ್ದ ಗರ್ಭಿಣಿಯರಿಗೆ 35ರಿಂದ 37ನೆಯ ವಾರದ ನಡುವೆ ಅದನ್ನು ಕೊಟ್ಟು ನೋಡಿದ, 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಪ್ರಿಎಕ್ಲಾಂಪ್ಸಿಯಾ ಕಡಿಮೆಯಾಗಲಿಲ್ಲ ಎಂದಳು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗರ್ಭಿಣಿಯರಿಗೆ ಸ್ಟ್ಯಾಟಿನ್ ಸಂಪೂರ್ಣ ನಿಷಿದ್ಧವೆಂಬ ಎಚ್ಚರಿಕೆಯನ್ನು ಸಡಿಲಿಸಿದರೂ, ಹೆಚ್ಚಿನ ಗರ್ಭಿಣಿಯರು ಅದನ್ನು ನಿಲ್ಲಿಸಬೇಕೆಂಬ ಸಲಹೆಯನ್ನು ಉಳಿಸಿಕೊಂಡಿದೆ. ತಡೆಗಟ್ಟುವಿಕೆಗೆ ಗಟ್ಟಿ ಆಧಾರವಿರುವುದು ಸಣ್ಣ ಪ್ರಮಾಣದ ಆಸ್ಪಿರಿನ್‌ಗೆ: 2017ರ ಆಸ್ಪ್ರೆ ಪರೀಕ್ಷೆಯಲ್ಲಿ, ಅಪಾಯ ಹೆಚ್ಚೆಂದು ಗುರುತಿಸಿದವರಿಗೆ 11ರಿಂದ 14ನೆಯ ವಾರದೊಳಗೆ ಆರಂಭಿಸಿ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ, ಅವಧಿಗೆ ಮುಂಚಿನ ಪ್ರಿಎಕ್ಲಾಂಪ್ಸಿಯಾ ಶೇಕಡಾ 4.3ರಿಂದ 1.6ಕ್ಕೆ ಇಳಿಯಿತು. ಅದನ್ನೂ ವೈದ್ಯರು ಹೇಳಿದವರು ಮಾತ್ರ ನುಂಗಬೇಕು, 31ನೆಯ ವಾರ ಅದಕ್ಕೆ ಕಾಲವೂ ಅಲ್ಲ ಎಂದು ಅವಳು ಮುಗಿಸಿದಳು.

ಅತ್ತೆಯ ಸಿಟ್ಟು ಹೊರಬಂದದ್ದು ಸಂಜೆ. “ಅಣ್ಣಾ, ನಾಲಗೆಯ ಹಿಡಿತದ ಮಾತನ್ನು ನೀವು ನನಗೂ ಹೇಳಿದ್ದಿರಿ. ನನ್ನ ಎರಡನೆಯ ಬಸುರಿನಲ್ಲಿ ಬಿಪಿ ಏರಿ 34ನೆಯ ವಾರದಲ್ಲೇ ಮಗುವನ್ನು ತೆಗೆದಾಗ, ತಿಂದದ್ದು ಹೆಚ್ಚಾಯಿತು ಎಂದು ಬಂದವರೆದುರು ನಕ್ಕಿದ್ದಿರಿ.” ದೊಡ್ಡಪ್ಪ ಅದು ತಮಾಷೆಯಾಗಿತ್ತು ಎಂದರು; ಅಷ್ಟು ಹಳೆಯದನ್ನು ಈಗೇಕೆ ಕೆದಕುವುದು ಎಂದರು ಚಿಕ್ಕಪ್ಪ. ಹಳೆಯದು ಮುಗಿದಿಲ್ಲ ಎಂದವಳು ಅಕ್ಕ. ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು ಇರುತ್ತದೆ. 2011ರಲ್ಲಿ ಅಮೆರಿಕದ ಹೃದಯ ಸಂಘ ಅದನ್ನು ಮಹಿಳೆಯರ ಹೃದ್ರೋಗದ ಅಪಾಯಸೂಚಕಗಳ ಪಟ್ಟಿಗೆ ಸೇರಿಸಿತು. ಈ ಗುಂಪಿನಲ್ಲಿ ಕೊಲೆಸ್ಟ್ರಾಲ್ ನೋಡಿಸಿಕೊಳ್ಳಬೇಕಾದವರು ಯಾರಾದರೂ ಇದ್ದರೆ ಅದು ನೀವು ಅತ್ತೆ, ಆ ಹೆರಿಗೆಯ ಕಥೆಯನ್ನೂ ವೈದ್ಯರಿಗೆ ಹೇಳಿ ಎಂದಳು.

ತಂಗಿ ಕೊನೆಗೊಮ್ಮೆ, ಹಾಗಾದರೆ ತಾನು ನೋಡಿಕೊಳ್ಳಬೇಕಾದದ್ದು ಏನು ಎಂದು ಕೇಳಿದಳು. ಬಿಪಿ 140/90 ಮುಟ್ಟಿದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಬಲಪಕ್ಕೆಲುಬಿನ ಕೆಳಗೆ ನೋವು ಬಂದರೆ, ಮುಖ ಕೈಗಳು ಇದ್ದಕ್ಕಿದ್ದಂತೆ ಊದಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೂತ್ರದಲ್ಲಿ ಪ್ರೊಟೀನ್ ಇಲ್ಲ ಎಂಬ ಕಾರಣಕ್ಕೆ ನಿಶ್ಚಿಂತೆಯಿಂದ ಇರಬಾರದು, ಏಕೆಂದರೆ ಇತರ ಅಂಗಗಳ ತೊಂದರೆಯಿದ್ದರೆ ಪ್ರೊಟೀನ್ ಇಲ್ಲದೆಯೂ ಈ ಕಾಯಿಲೆಯನ್ನು ಗುರುತಿಸುತ್ತಾರೆ ಎಂದಳು ಅಕ್ಕ. ಇಷ್ಟು ಉಪಯುಕ್ತವಾದದ್ದನ್ನು ಬೆಳಗ್ಗೆಯೇ ಹೇಳಬಹುದಿತ್ತಲ್ಲ ಎಂದು ದೊಡ್ಡಪ್ಪ ಆಕ್ಷೇಪಿಸಿದರು. ಬೆಳಗ್ಗೆ ಯಾರೂ ಇದನ್ನು ಕೇಳಲಿಲ್ಲ ದೊಡ್ಡಪ್ಪ ಎಂದು ಅವಳು ಬರೆದದ್ದಕ್ಕೆ, ಅವರು ಕಳುಹಿಸಿದ್ದು ಕೈಮುಗಿದ ಚಿತ್ರ.