ತಲೆ ತಿನ್ಬೇಡ ಅಂದ್ರೆ ಮಗಳು ಅಳ್ತಾಳೆ

ಪ್ರಶ್ನೆ: ಮೇಡಂ, ಮಗಳಿಗೆ ನಾಲ್ಕು ವರ್ಷ. ಮಾತು ಬಲು ಚುರುಕು. ಆದರೆ ನಮ್ಮತ್ತೆ "ತಲೆ ತಿನ್ಬೇಡ ಕಣೇ" ಅಂದರೆ "ನಾನು ತಿಂದೇ ಇಲ್ಲ" ಅಂತ ಅಳುತ್ತಾಳೆ. ಏನಾದರೂ ತೊಂದರೆನಾ? ಇನ್ನು ಮಗನಿಗೆ ಏಳು ತಿಂಗಳು. ಅವನ ಹತ್ತಿರ ಮಾತಾಡಿದರೆ "ಅದಕ್ಕೇನು ಅರ್ಥ ಆಗತ್ತೆ" ಅಂತ ಮನೆಯಲ್ಲಿ ನಗುತ್ತಾರೆ.

ಉತ್ತರ (ಸ್ಪೀಚ್ ಥೆರಪಿಸ್ಟ್): ನಗುವವರು ನಗಲಿ, ನೀವು ಮಾತಾಡಿ. ಅಮೆರಿಕದ ಸಂಶೋಧಕರಾದ ಬರ್ಗೆಲ್ಸನ್ ಮತ್ತು ಸ್ವಿಂಗ್ಲಿ 6ರಿಂದ 9 ತಿಂಗಳ ಮಕ್ಕಳ ಮುಂದೆ ಚಿತ್ರಗಳನ್ನಿಟ್ಟು, ಒಂದರ ಹೆಸರನ್ನು ಅಪ್ಪ ಅಥವಾ ಅಮ್ಮನಿಂದ ಹೇಳಿಸಿದರು. ಮಕ್ಕಳ ಕಣ್ಣು ಆ ಚಿತ್ರದ ಕಡೆಗೇ ಜಾಸ್ತಿ ಹೋಯಿತು. ತಿನ್ನುವ ವಸ್ತು, ಮೈಯ ಭಾಗ, ಹೀಗೆ ದಿನಾ ಕಿವಿಗೆ ಬೀಳುವ ಹೆಸರುಗಳವು. ಈ ಅಧ್ಯಯನ ಬಂದದ್ದು 2012ರಲ್ಲಿ.

ಕಿವಿ ಇನ್ನೂ ಸೂಕ್ಷ್ಮ. ಹಿಂದಿಯ ತ ಮತ್ತು ಟ ಬೇರೆ ಅಂತ ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸಿಗೂ ಗೊತ್ತಾಗುತ್ತದೆ. ವರ್ಷ ತುಂಬುವಷ್ಟರಲ್ಲಿ ಆ ಶಕ್ತಿ ಬಹುಪಾಲು ಹೋಗಿಬಿಡುತ್ತದೆ, ಮನೆಯಲ್ಲಿ ಆ ಸದ್ದು ಕಿವಿಗೆ ಬೀಳುವುದೇ ಇಲ್ಲವಲ್ಲ! ಕೆನಡಾದ ವರ್ಕರ್ ಮತ್ತು ಟೀಸ್ 1984ರಲ್ಲೇ ಇದನ್ನು ತೋರಿಸಿದ್ದರು.

ಮಗಳದ್ದು ತೊಂದರೆಯಲ್ಲ. ಕಣ್ಣಿಗೆ ಕಾಣುವ ಹೋಲಿಕೆ ಮಕ್ಕಳಿಗೆ ಬೇಗ ಸಿಗುತ್ತದೆ. "ಟೋಪಿ ಹಾಕಿದ ಗೋಪುರ ಕೊಡು" ಅಂದರೆ ಮೂರು ವರ್ಷದವರೂ ಚೂಪು ಮಾಡಿನ ಆಟಿಕೆ ಎತ್ತಿಕೊಡಬಲ್ಲರು. ಮನಸ್ಸಿನ ಸಂಗತಿ ತಡ. 1960ರಲ್ಲಿ ಆಶ್ ಮತ್ತು ನರ್ಲವ್ "ಗಟ್ಟಿ", "ತಣ್ಣಗೆ" ಥರದ ಮಾತನ್ನು ಮನುಷ್ಯರ ಗುಣಕ್ಕೆ ಹೇಳಬಹುದಾ ಅಂತ ಕೇಳಿದಾಗ ಮೂರ್ನಾಲ್ಕು ವರ್ಷದವರು ಹೆಚ್ಚಾಗಿ ಒಪ್ಪಲಿಲ್ಲ. ವಯಸ್ಸು ಹೆಚ್ಚಿದ ಹಾಗೆ ಅದು ನಿಧಾನವಾಗಿ ಅರ್ಥವಾಗುತ್ತ ಹೋಯಿತು. "ತಲೆ ತಿನ್ನು" ಅನ್ನುವುದರಲ್ಲಂತೂ ಕಾಣುವ ಹೋಲಿಕೆಯೇ ಇಲ್ಲ. ಕೇಳಿ ಕೇಳಿಯೇ ಬರಬೇಕು.

ಇನ್ನೊಬ್ಬ ಸದಸ್ಯರು: ಇಂಥ ಮಾತು ಕೇಳಿದಾಗ ದೊಡ್ಡವರು ಮೊದಲು ನೇರ ಅರ್ಥ ಹಿಡಿದು, ಅದು ಕೂಡದಿದ್ದರೆ ಬೇರೆ ಹುಡುಕ್ತೀವಾ?

ಉತ್ತರ: ಹಾಗಂತ ಬಹಳ ಕಾಲ ನಂಬಿದ್ದರು. 1982ರಲ್ಲಿ ಮನಶ್ಶಾಸ್ತ್ರಜ್ಞ ಗ್ಲಕ್ಸ್‌ಬರ್ಗ್ ಅವರ ತಂಡ ಜನರಿಗೆ ವಾಕ್ಯಗಳನ್ನು ತೋರಿಸಿ, ನೇರ ಅರ್ಥದಲ್ಲಿ ನಿಜವೋ ಸುಳ್ಳೋ ಅಷ್ಟೇ ಹೇಳಿ ಅಂದಿತು. "ಕೆಲವು ನೌಕರಿಗಳು ಜೈಲು" ಥರದ್ದಕ್ಕೆ "ಸುಳ್ಳು" ಅನ್ನಲು ಜನ ತಡವರಿಸಿದರು. ಬೇಡವೆಂದರೂ ರೂಪಕದ ಅರ್ಥ ತಲೆಗೆ ಬಂದುಬಿಟ್ಟಿತ್ತು. ನನಗೆ ಇದೇ ಹೆಚ್ಚು ಸೋಜಿಗ.

ಪ್ರಶ್ನೆ ಕೇಳಿದವರು: ಹಾಗಾದರೆ ಅತ್ತೆಗೆ ಆ ಮಾತು ಆಡಬೇಡಿ ಅನ್ನಲಾ?

ಉತ್ತರ: ಅಯ್ಯೋ, ಬೇಡಿ! ಆಡಲಿ. ಹಿಂದೆಯೇ "ಅಂದ್ರೆ ಒಂದೇ ಸಮ ಕೇಳ್ಬೇಡ ಅಂತ" ಅನ್ನಲಿ, ಸಾಕು. ಮಗ ಮಾತ್ರ ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಆಗುತ್ತದೆ.