ಅಪ್‌ಡೇಟ್: ವಾಷಿಂಗ್ ಮಷೀನ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದ ಸಮಸ್ಯೆ

ಒದ್ದೆ ಕೈಯಲ್ಲಿ ವಾಷಿಂಗ್ ಮಷೀನ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಮಷೀನನ್ನೇ ಬದಲಿಸಬೇಕೇ ಎಂದು ಕಳೆದ ವಾರ ಕೇಳಿದ್ದೆ. ಮೊದಲು ಅರ್ಥಿಂಗ್ (ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುವ ವೈರಿನ ಜೋಡಣೆ) ನೋಡಿಸಿ ಎಂದವರ ಮಾತೇ ನಿಜವಾಯಿತು.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು, ಮೇನ್ ಸ್ವಿಚ್ ಆಫ್ ಮಾಡಿ 16 ಆಂಪಿಯರ್ ಸಾಕೆಟ್ ಬಿಚ್ಚಿದಾಗ, ಮೇಲಿನ ದೊಡ್ಡ ತೂತಿಗೆ ಸೇರಬೇಕಾದ ಹಸಿರು ಅರ್ಥ್ ವೈರನ್ನು ಸ್ಕ್ರೂಗೆ ಕಟ್ಟದೆ, ತುದಿಗೆ ಟೇಪ್ ಸುತ್ತಿ ಡಬ್ಬಿಯ ಮೂಲೆಯಲ್ಲಿ ಮಡಚಿಟ್ಟಿದ್ದುದು ಕಂಡಿತು. ಮಷೀನಿನೊಳಗೆ ವಿದ್ಯುತ್ತಿನ ಅಡಚಣೆಗಳನ್ನು ತಡೆಯಲು ಇರುವ ಫಿಲ್ಟರ್ ಕೆಪಾಸಿಟರ್ ಎಂಬ ಬಿಡಿಭಾಗಗಳಿಂದ ಸೋರುವ ಅಲ್ಪ ವಿದ್ಯುತ್ತಿಗೆ ಭೂಮಿಗೆ ಇಳಿಯುವ ದಾರಿಯಿಲ್ಲದೆ, ಹೊರಮೈಯಲ್ಲಿ ಸುಮಾರು 110 ವೋಲ್ಟ್ ತೋರಿಸುತ್ತಿತ್ತು. ವೈರು ಜೋಡಿಸಿದ ಮೇಲೆ ಮೀಟರಿನ ಅಂಕಿ ಸೊನ್ನೆಯ ಹತ್ತಿರಕ್ಕೆ ಬಂದಿತು.

ಸಾಕೆಟ್‌ನಲ್ಲೇ ಅರ್ಥ್ ತುದಿಯನ್ನು ನ್ಯೂಟ್ರಲ್‌ಗೆ (ವಿದ್ಯುತ್ ಮರಳಿ ಹೋಗುವ ವೈರಿಗೆ) ಸೇರಿಸಿದರೆ ಸಾಕು ಎಂದು ಒಬ್ಬರು ಹೇಳಿದ್ದ ಉಪಾಯವನ್ನು ದಯವಿಟ್ಟು ಯಾರೂ ಮಾಡಬೇಡಿ: ನ್ಯೂಟ್ರಲ್ ಎಲ್ಲಾದರೂ ಕಡಿದರೆ ಮಷೀನಿನ ಮೈಗೆ ಪೂರ್ತಿ 230 ವೋಲ್ಟ್ ಬರಬಹುದು.

ವಿದ್ಯುತ್ ಸೋರಿದರೆ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿಯನ್ನೂ (30 ಮಿಲಿಆಂಪಿಯರ್‌ನದು) ಹಾಕಿಸಿದ್ದೇನೆ. ಟೆಸ್ಟ್ ಬಟನ್ ಒತ್ತಿದೊಡನೆ ಮನೆಯ ದೀಪಗಳೆಲ್ಲ ಆರಿದವು. ಅಲ್ಲೂ ಅರ್ಥ್ ವೈರು ಹೀಗೇ ಬಿಟ್ಟಿದೆಯೇ ಎಂದು ನೋಡಲು ಗೀಸರ್ ಸಾಕೆಟ್ಟನ್ನು ನಾಳೆ ಬಿಚ್ಚಿಸುತ್ತೇನೆ. ಅಲ್ಲಿಯವರೆಗೆ ಮಕ್ಕಳ ಸ್ನಾನಕ್ಕೆ ಒಲೆಯ ಮೇಲೆ ಕಾಯಿಸಿದ ನೀರೇ.