ಒಬ್ಬರೇ ನುಡಿಸಿ ಮುದ್ರಿಸುವ ಬ್ಲೂಗ್ರಾಸ್: ಮೊದಲು ಯಾವ ವಾದ್ಯ?

ಪ್ರಶ್ನೆ (ಬದಿಯಡ್ಕದಿಂದ):
ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೊ ಮೂರನ್ನೂ ನಾನೇ ನುಡಿಸಿ, ಮನೆಯಲ್ಲೇ ಒಂದರ ಮೇಲೊಂದಾಗಿ ಮುದ್ರಿಸಿ, ಅಮೆರಿಕದ ಜನಪದ ಮೂಲದ ಸಂಗೀತಶೈಲಿಯಾದ ಬ್ಲೂಗ್ರಾಸ್ ಧಾಟಿಯಲ್ಲಿ ಕನ್ನಡ ಹಾಡುಗಳನ್ನು ಮಾಡುತ್ತಿದ್ದೇನೆ. ಬಿಡಿಬಿಡಿಯಾಗಿ ಕೇಳಿದಾಗ ಶ್ರುತಿಯೂ ಲಯವೂ ಸರಿಯಾಗಿದ್ದರೂ, ಸೇರಿಸಿದಾಗ ಮೂವರು ಎದುರುಬದುರು ಕುಳಿತು ನುಡಿಸಿದ ಕಳೆ ಬರುವುದಿಲ್ಲ. ಯಾವುದನ್ನು ಮೊದಲು ಮುದ್ರಿಸಬೇಕು? ಮಳೆಗಾಲದಲ್ಲಿ ಹಂಚಿನ ಮನೆಯೊಳಗೆ ಈ ಕೆಲಸ ಸಾಧ್ಯವೇ?

ಉತ್ತರ (ಮಂಜೇಶ್ವರದಿಂದ):
ಬ್ಲೂಗ್ರಾಸಿಗೆ ರೂಪ ಕೊಟ್ಟ ಬಿಲ್ ಮನ್ರೊ ಅವರ ತಂಡದಲ್ಲಿ ಡ್ರಮ್ ಇರಲಿಲ್ಲ. ಬಾಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಒಂದನೆಯ ಮತ್ತು ಮೂರನೆಯ ಪೆಟ್ಟನ್ನು ಹಿಡಿದರೆ, ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಮ್ಯಾಂಡೊಲಿನ್ ತಂತಿಗಳನ್ನು ಮೀಟಿ ಒಡನೆಯೇ ಅದುಮುವ ಸದ್ದೇ ತಾಳವಾಗುತ್ತಿತ್ತು. ಆದ್ದರಿಂದ ಗಿಟಾರಿನೊಂದಿಗೆ ಹಾಡಿನ ಕರಡನ್ನು ಮೊದಲು ಮುದ್ರಿಸಿ, ಅನಂತರ ಬಾಸ್ ಮತ್ತು ಮ್ಯಾಂಡೊಲಿನನ್ನು ಸೇರಿಸಿ, ಬ್ಯಾಂಜೊವನ್ನು ಕೊನೆಗಿರಿಸಿಕೊಳ್ಳಿ. 1945ರ ಕೊನೆಯಲ್ಲಿ ಆ ತಂಡವನ್ನು ಸೇರಿದ ಅರ್ಲ್ ಸ್ಕ್ರಗ್ಸ್ ಅವರ ಮೂರು ಬೆರಳಿನ ಶೈಲಿಯನ್ನು ಕಲಿತವರಿಗೆ ಹಾಡಿನುದ್ದಕ್ಕೂ ಬ್ಯಾಂಜೊ ಸ್ವರಗಳನ್ನು ಉರುಳಿಸುತ್ತಲೇ ಇರುವ ಚಪಲ ಸಹಜ. ಆದರೆ ಹಾಡುವ ದನಿ ಬಂದಾಗ ಉಳಿದ ವಾದ್ಯಗಳು ತಗ್ಗಬೇಕು, ಯಕ್ಷಗಾನದಲ್ಲಿ ಭಾಗವತರು ಕರುಣ ರಸದ ಪದ ಎತ್ತಿದಾಗ ಚೆಂಡೆ ಸುಮ್ಮನಾಗುವಂತೆ. ನಿಮ್ಮ ಮುದ್ರಣದಲ್ಲಿ ಕಳೆ ಬಾರದಿರುವುದಕ್ಕೆ, ನನ್ನ ಅಂದಾಜಿನಲ್ಲಿ, ಯಾರೂ ಯಾರಿಗೂ ಜಾಗ ಬಿಡದಿರುವುದೇ ಕಾರಣ.

ಉತ್ತರ (ಪೆರ್ಲದಿಂದ):
ಮೇಲಿನವರ ಮಾತು ಸರಿ. ಮಳೆಯ ವಿಚಾರದಲ್ಲಿ, ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಹಂಚಿನ ಮೇಲಿನ ಮಳೆಯ ಸದ್ದನ್ನೆಲ್ಲ ಮುದ್ರಣದೊಳಗೆ ಎಳೆದುಕೊಳ್ಳುತ್ತದೆ. ಅಷ್ಟು ಸೂಕ್ಷ್ಮವಲ್ಲದ ಡೈನಾಮಿಕ್ ಮೈಕನ್ನು ವಾದ್ಯಕ್ಕೆ ಒಂದು ಗೇಣು ದೂರದಲ್ಲಿಟ್ಟರೆ ತಕ್ಕಮಟ್ಟಿಗೆ ಸಾಗುತ್ತದೆ. ಬ್ಯಾಂಜೊಗೆ ಚರ್ಮದ ಹೊದಿಕೆಯಿದ್ದರೆ ಮಳೆಗಾಲದ ಆಟಿ ತಿಂಗಳ ತೇವಕ್ಕೆ ಅದು ಸಡಿಲಗೊಳ್ಳುವುದರಿಂದ ಪ್ಲಾಸ್ಟಿಕ್ ಹೊದಿಕೆ ಹಾಕಿಸುವುದು ಲೇಸು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಾಸ್ ನನ್ನಲ್ಲಿಲ್ಲ, ಗಿಟಾರಿನ ಮಂದ್ರದ ತಂತಿಗಳಲ್ಲೇ ಆ ಪೆಟ್ಟುಗಳನ್ನು ಬೇರೆಯಾಗಿ ಮುದ್ರಿಸಿ ನೋಡುತ್ತೇನೆ.